ಸೇಂದಿ, ಚಕ್ಕಣ, ಎಡೆ: ಕೊಪ್ಪಳ ಸೀಮೆಯಲ್ಲಿ ಅಗ್ಗದ ಪಾನೀಯ ಮತ್ತು ಮನೆಯ ಊಟ

ಕರ್ನಾಟಕದಲ್ಲಿ ಮದ್ಯಪಾನದ ಕುರಿತು ನಡೆದಿರುವ ಬರವಣಿಗೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು ಅಬಕಾರಿ ಆದಾಯದ ಲೆಕ್ಕ; ಇನ್ನೊಂದು ಪಾನನಿಷೇಧದ ನೀತಿಬೋಧೆ. ಈ ಎರಡರಲ್ಲಿಯೂ ಕುಡಿಯುವವನು ಇದ್ದಾನೆ, ಕುಡಿಯುವ ಪದಾರ್ಥವಿದೆ. ಆದರೆ ಅವನು ಎಲ್ಲಿ ಕುಳಿತು ಕುಡಿದನು, ಜೊತೆಗೆ ಏನನ್ನು ತಿಂದನು, ಅದನ್ನು ಯಾರು ಮಾಡಿಕೊಟ್ಟರು ಎಂಬ ಪ್ರಶ್ನೆಗಳಿಲ್ಲ. ಪಾನೀಯವನ್ನು ಅದರ ತಿನಿಸಿನಿಂದ ಬಿಡಿಸಿ ನೋಡುವ ಈ ಕ್ರಮದಿಂದ ಜನಪದ ಆಹಾರ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೇ ಮರೆಯಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಸೇರಿ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಇಲ್ಲಿಯ ಅಗ್ಗದ ಪಾನೀಯದ ಚರಿತ್ರೆಯೆಂದರೆ ಅದು ಊಟದ ಜೊತೆಗಾರನಾಗಿದ್ದ ಸ್ಥಿತಿಯಿಂದ ಊಟವನ್ನೇ ಕಳೆದುಕೊಂಡ ಸ್ಥಿತಿಗೆ ಬಂದ ಚರಿತ್ರೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲಿಗೆ ಒಂದು ಶಬ್ದವನ್ನು ಗಮನಿಸಬೇಕು. ಮದ್ಯದೊಡನೆ ತಿನ್ನುವ ತಿನಿಸಿಗೆ ಹಳಗನ್ನಡದಲ್ಲಿ 'ಚಕ್ಕಣ' ಎಂಬ ಮಾತಿದೆ. ಪಾನಕ್ಕೆ ರುಚಿಯೇರಿಸಲು ತಿನ್ನುವುದು ಎಂಬ ಅರ್ಥದಲ್ಲಿ ಸಂಸ್ಕೃತ ನಿಘಂಟುಗಳು ಹೇಳುವ 'ಚಕ್ಷಣ'ದ ತದ್ಭವವಿದು. ಸಂಸ್ಕೃತದಲ್ಲಿ ಇದಕ್ಕೆ 'ಉಪದಂಶ' ಎಂಬ ಇನ್ನೊಂದು ಹೆಸರೂ ಇದೆ. ಇಂದು ಹೈದರಾಬಾದಿನಿಂದ ಗಂಗಾವತಿಯವರೆಗೆ ಬಾರುಗಳಲ್ಲಿ ಕೇಳಿಬರುವ 'ಚಕ್ನಾ' ಹಿಂದಿ–ದಖನಿಯಿಂದ ಬಂದದ್ದು. ರುಚಿ ನೋಡು ಎಂಬರ್ಥದ 'ಚಖ್ನಾ' ಕ್ರಿಯಾಪದ ಅದರ ಮೂಲ. ಇದನ್ನು ಕನ್ನಡಿಗರು ಪರಭಾಷೆಯ ಮಾತೆಂದೇ ತಿಳಿದಿದ್ದಾರೆ. ಆದರೆ ಎರಡೂ ಶಬ್ದಗಳು ಒಂದೇ ಬೇರಿನ ಕಡೆಗೆ ಬೆರಳು ಮಾಡುತ್ತವೆ. ಕನ್ನಡವು ಸಾವಿರ ವರ್ಷಗಳ ಹಿಂದೆ ಬಳಸಿ ಮರೆತ ಮಾತಿನ ನೆಂಟನೊಬ್ಬನು ಬೇರೊಂದು ದಾರಿಯಿಂದ ಅಂಗಡಿಗೆ ಬಂದು ಕುಳಿತಿದ್ದಾನೆ ಎನ್ನಬಹುದು.

ಪಂಪನ ವಿಕ್ರಮಾರ್ಜುನವಿಜಯದ (ಕ್ರಿ.ಶ. 941) ನಾಲ್ಕನೆಯ ಆಶ್ವಾಸದಲ್ಲಿ ವೇಶ್ಯಾವಾಟಿಯ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಅರಸನ ಕ್ರೀಡೆಗಳಲ್ಲಿ ಒಂದೆಂದು ಎಣಿಸಿ, ಬಗೆಬಗೆಯ ಮದ್ಯಗಳನ್ನೂ ಅವುಗಳ ಜೊತೆಯ ತಿನಿಸುಗಳನ್ನೂ ಹೇಳಲಾಗಿದೆ. ಈ ಗ್ರಂಥ ಕೊಪ್ಪಳ ಸೀಮೆಗೆ ದೂರದ್ದಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದ ಮಹಾದೇವ ದಂಡನಾಯಕನು ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಅಧಿಕಾರಿ. ಆದರೆ ಅರಮನೆಯ ಪಾನಕ್ರೀಡೆಯನ್ನು ಹೊಲದಲ್ಲಿ ದುಡಿದವನ ಸಂಜೆಗೆ ಅನ್ವಯಿಸುವುದು ತಪ್ಪಾಗುತ್ತದೆ. ಈ ಗ್ರಂಥಗಳಿಂದ ತಿಳಿಯುವುದು ಇಷ್ಟೇ: ಪಾನೀಯಕ್ಕೊಂದು ತಿನಿಸು ಬೇಕು, ಆ ತಿನಿಸನ್ನು ಪಾನೀಯದ ಗುಣ ನೋಡಿ ಆರಿಸಬೇಕು ಎಂಬ ವಿವೇಕ ಈ ನೆಲಕ್ಕೆ ಹೊಸತಲ್ಲ.

ಕೆಳವರ್ಗದವರ ಪಾನೀಯದ ಬಗ್ಗೆ ಲಿಖಿತ ಪರಂಪರೆ ಮೌನವಾಗಿರುವುದಕ್ಕೆ ಕಾರಣಗಳಿವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ಹೆಸರಿಸುವ ಕೊಪಣ ಜೈನರ ಮಹಾತೀರ್ಥ. ಮದ್ಯ, ಮಾಂಸ, ಮಧುಗಳ ತ್ಯಾಗ ಜೈನ ಗೃಹಸ್ಥನ ಮೂಲಗುಣ. ಕನ್ನಡದ ಪ್ರಸಿದ್ಧ ಪಾಕಗ್ರಂಥವಾದ ಮೂರನೆಯ ಮಂಗರಸನ ಸೂಪಶಾಸ್ತ್ರವೂ ಜೈನ ಕೃತಿಯೇ. ಅದು ಸಸ್ಯಾಹಾರಕ್ಕೆ ಮೀಸಲು. ಶರಣರಲ್ಲಿ ಹೆಂಡದ ಮಾರಯ್ಯನೊಬ್ಬನೇ ತನ್ನ ಕಾಯಕದ ಹೆಂಡವನ್ನು ರೂಪಕವಾಗಿಸಿಕೊಂಡು ವಚನಕ್ಕೆ ತಂದನು. ಆದರೆ ಅಲ್ಲಿಯೂ ಹೆಂಡವು ಬೇರೊಂದು ಅಮಲನ್ನು ಹೇಳುವ ನೆವ ಮಾತ್ರ. ಹೀಗಾಗಿ ಸಾಮಾನ್ಯರ ಕುಡಿತ–ತಿನಿತದ ಸಂಬಂಧವನ್ನು ತಿಳಿಯಲು ಮರ, ಅಡುಗೆಮನೆ, ಆಚರಣೆ ಹಾಗೂ ಆಡುಮಾತುಗಳನ್ನೇ ಆಕರವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಈ ಸೀಮೆಯ ಅಗ್ಗದ ಪಾನೀಯ ಸೇಂದಿ. ಈಚಲು ಮರದ ರಸ ಸೇಂದಿಯಾದರೆ, ತಾಳೆಯದು ತಾಡಿ. ಹಳ್ಳದ ದಂಡೆ, ಕೆರೆಯ ಹಿಂಬದಿ, ಹೊಲದ ಬದುಗಳಲ್ಲಿ ತಾನಾಗಿಯೇ ಬೆಳೆಯುವ ಈಚಲನ್ನು ಯಾರೂ ನೀರುಣಿಸಿ ಸಾಕಿದವರಲ್ಲ. ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಈಳಿಗರು ಮರದ ತಲೆಯ ಬಳಿ ಕೆತ್ತಿ, ಗಡಿಗೆ ಕಟ್ಟಿ, ರಸ ಇಳಿಸುತ್ತಿದ್ದರು. ದ್ರಾಕ್ಷಿಯ ಮದ್ಯದ ರುಚಿಯನ್ನು ವರ್ಷಗಳಲ್ಲಿ ಅಳೆಯುತ್ತಾರೆ. ಸೇಂದಿಯದನ್ನು ತಾಸುಗಳಲ್ಲಿ ಅಳೆಯಬೇಕು. ನಸುಕಿನಲ್ಲಿ ಇಳಿಸಿದ ರಸ ಬರೀ ಸಿಹಿ. ಮಕ್ಕಳೂ ಕುಡಿಯಬಹುದಾದ ನೀರಾ. ಬಿಸಿಲೇರುತ್ತಿದ್ದಂತೆ ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಹುದುಗಿನಿಂದ ನೊರೆಯೇಳುತ್ತದೆ, ಸಿಹಿ ಕಡಿಮೆಯಾಗುತ್ತದೆ, ಮದ್ಯಾಂಶ ಶೇ. 4ರಿಂದ 5ರವರೆಗೆ ಏರುತ್ತದೆ. ಸಂಜೆಗೆ ಹುಳಿ ಮುಂದಾಗುತ್ತದೆ. ಮರುದಿನಕ್ಕೆ ಅದು ಹೆಚ್ಚುಕಡಿಮೆ ಕಾಡಿಯಾಗುವ ದಾರಿಯಲ್ಲಿರುತ್ತದೆ. ಒಂದೇ ಮರದ ರಸ ಒಂದೇ ದಿನದಲ್ಲಿ ಮೂರು ಪಾನೀಯಗಳಾಗುವ ಈ ಗುಣವೇ ಅದರ ಜೊತೆಯ ತಿನಿಸನ್ನು ನಿರ್ಧರಿಸಿತು.

ಸಿಹಿ ಇನ್ನೂ ಉಳಿದಿರುವ ಹೊತ್ತಿನ ಸೇಂದಿಗೆ ಹುರಿದ ಕಡಲೆ, ಶೇಂಗಾ, ಉಪ್ಪು ಹಾಕಿದ ಹೆಸರುಕಾಳು ಅಥವಾ ಮಡಕಿಕಾಳಿನ ಉಸುಳಿ ಸಾಕು. ಸಂಜೆಯ ಹುಳಿ ಸೇಂದಿ ಖಾರ ಮತ್ತು ಕೊಬ್ಬನ್ನು ಬೇಡುತ್ತದೆ: ಸುಟ್ಟ ಒಣಮೀನು, ತುಂಗಭದ್ರೆಯ ಹೊಳೆಮೀನಿನ ಸಾರು, ಕುರಿಯ ಬೋಟಿ, ತಲೆಮಾಂಸ, ಏನೂ ಇಲ್ಲದ ದಿನ ಕೆಂಪು ಖಾರ ಹಚ್ಚಿದ ಜೋಳದ ರೊಟ್ಟಿ. ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ಹೊಲಗಳ ಕಡೆ ರೊಟ್ಟಿಯೊಡನೆ ಗುರೆಳ್ಳು, ಅಗಸಿ, ಶೇಂಗಾಗಳ ಹಿಂಡಿ ಇದ್ದರೆ, ಹೊಳೆಯ ದಂಡೆಯ ಆನೆಗೊಂದಿ, ಗಂಗಾವತಿಗಳ ಕಡೆ ಮೀನಿನ ಪಾಲು ಹೆಚ್ಚು. ಖಾರದಿಂದ ಉರಿಯುವ ನಾಲಿಗೆಯನ್ನು ಹಗುರವಾದ, ನೊರೆಯುಳ್ಳ, ಹುಳಿಸಿಹಿಯ ಪಾನೀಯ ತಣಿಸುತ್ತದೆ. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದ್ದಾಗ ಅಮಲು ಮೆಲ್ಲಗೆ ಏರುತ್ತದೆ. ರೊಟ್ಟಿಗೆ 'ಹಚ್ಚಿಕೊಳ್ಳಾಕ ಏನೈತಿ' ಎಂದು ಕೇಳುವ ಮಾತು ಈ ಭಾಗದಲ್ಲಿ ಪಲ್ಯ, ಹಿಂಡಿ, ಸಾರುಗಳೆಲ್ಲವನ್ನೂ ಒಳಗೊಳ್ಳುತ್ತದೆ. ಸೇಂದಿಯ ಜೊತೆಗೆ ಪ್ರತ್ಯೇಕವಾದ ತಿನಿಸೆಂಬುದು ಇರಲಿಲ್ಲ. ಊಟಕ್ಕೆ ಹಚ್ಚಿಕೊಂಡದ್ದೇ ಅದಕ್ಕೂ ಆಗುತ್ತಿತ್ತು. ಅರಮನೆಯ ಚಕ್ಕಣಕ್ಕೂ ಮನೆಯ ಸೇಂದಿಗೂ ಇರುವ ಮುಖ್ಯ ವ್ಯತ್ಯಾಸವಿದು. ಅಲ್ಲಿ ಪಾನಕ್ಕಾಗಿ ತಿನಿಸು, ಇಲ್ಲಿ ಊಟದೊಳಗೆ ಪಾನ.

ಇವೆಲ್ಲವೂ ಅನಾದಿಯಿಂದ ಬಂದವೆಂದು ಭಾವಿಸುವ ಅಗತ್ಯವಿಲ್ಲ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ನಂತರ ಬಂದವು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಡೊಮಿಂಗೋ ಪಾಯೆಸ್ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ನಿಂಬೆಗಳು ಹೇರಳವಾಗಿ ಅಗ್ಗವಾಗಿ ಸಿಗುತ್ತಿದ್ದುದನ್ನು ಬರೆದಿದ್ದಾನೆ. ಆ ಕಾಲದ ಖಾರ ಕಾಳುಮೆಣಸು, ಶುಂಠಿಗಳದು. ಇಂದು ಈ ಜಿಲ್ಲೆಯ ಗುರುತೇ ಎನಿಸಿರುವ ಮಿರ್ಚಿ ಭಜಿಯ ವಯಸ್ಸು ಹಾಗಾದರೆ ಕೆಲವೇ ಶತಮಾನಗಳದ್ದು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಪ್ರಸಾದವಾಗಿ ಬಡಿಸುವುದೂ, ಸಂಜೆಯ ಬಾರಿನಲ್ಲಿ ತಟ್ಟೆಗೆ ಬರುವುದೂ ಅದೇ ಭಜಿ ಎಂಬುದು ಸ್ವಾರಸ್ಯಕರ. ತಿನಿಸಿಗೆ ಮಡಿಮೈಲಿಗೆಯಿಲ್ಲ, ಇರುವುದು ಅದರ ನೆರೆಯವರಿಗೆ.

ಮನೆಯೊಳಗೆ ಪಾನೀಯವೂ ಆಹಾರವೂ ಒಟ್ಟಿಗೆ ಕೂಡುವ ಅತ್ಯಂತ ನಂಬಿಕೆಯ ಸಾಕ್ಷ್ಯವೆಂದರೆ ಎಡೆ. ಮಹಾಲಯದ ಹೊತ್ತಿನ ಹಿರಿಯರ ಹಬ್ಬದಲ್ಲಿ ಮಾಂಸಾಹಾರಿ ದುಡಿಯುವ ಸಮುದಾಯಗಳು ಸತ್ತ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆ, ಅಡುಗೆ, ಎಲೆಅಡಿಕೆ, ಬೀಡಿ ಇವುಗಳೊಡನೆ ಅವರು ಬಯಸುತ್ತಿದ್ದ ಪಾನೀಯವನ್ನೂ ಇಡುತ್ತಾರೆ. ದುರಗಮ್ಮ, ಮಾರೆಮ್ಮನಂಥ ಗ್ರಾಮದೇವತೆಗಳ ಎಡೆಯಲ್ಲಿಯೂ ಹೆಂಡಕ್ಕೆ ಸ್ಥಾನವಿತ್ತು. ಎಡೆಯು ಕೇವಲ ಶ್ರದ್ಧೆಯ ವಿಷಯವಲ್ಲ. ಅದು ಮನೆಯ ಹೆಣ್ಣುಮಕ್ಕಳು ವರ್ಷವರ್ಷವೂ ಬರೆದಿಡುವ ಲಿಪಿಯಿಲ್ಲದ ದಾಖಲೆ. ಅಜ್ಜನಿಗೆ ಯಾವ ಸಾರಿನ ಜೊತೆ ಏನು ಸೇರುತ್ತಿತ್ತು, ಎಷ್ಟು ಸೇರುತ್ತಿತ್ತು ಎಂಬುದು ಅಡುಗೆ ಮಾಡುವವರ ನೆನಪಿನಲ್ಲಿ ಉಳಿದು ಎಡೆಗೆ ಬರುತ್ತದೆ. ಅಜ್ಜಿಯ ಎಡೆಗೂ ಸೇಂದಿ ಇಡುವ ಮನೆಗಳಿದ್ದವು. ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳು ದಣಿವಿಗೆ ಸೇಂದಿ ಕುಡಿಯುವುದು ನಾಚಿಕೆಯ ವಿಷಯವಾಗಿರಲಿಲ್ಲ. ಎಡೆಯಲ್ಲಿಟ್ಟ ಪಾನೀಯವನ್ನು ನಂತರ ಮನೆಯವರು ಹಂಚಿಕೊಳ್ಳುವಾಗ ಹಿರಿಯರ ಕಣ್ಣೆದುರು, ಊಟದೊಡನೆ, ಸ್ವಲ್ಪ ಎಂಬ ಮೂರು ಕಟ್ಟುಗಳು ತಾವಾಗಿಯೇ ಬೀಳುತ್ತಿದ್ದವು.

ಈ ಕಟ್ಟು ಸಡಿಲವಾದದ್ದು ಪಾನೀಯವು ಮನೆ–ಮರಗಳ ನಂಟನ್ನು ಕಳೆದುಕೊಂಡು ಗುತ್ತಿಗೆಯ ಅಂಗಡಿಗೆ ಹೋದಾಗ. ಕುಷ್ಟಗಿ, ಗಂಗಾವತಿಗಳು ನಿಜಾಮ ಸರ್ಕಾರದ ಆಡಳಿತದಲ್ಲಿದ್ದರೆ, ಕೊಪ್ಪಳವು ಸಾಲಾರ್ ಜಂಗರ ಜಹಗೀರಾಗಿತ್ತು. ನಿಜಾಮ ಸಂಸ್ಥಾನದಲ್ಲಿ ಅಬಕಾರಿಯು ಭೂಕಂದಾಯದ ನಂತರದ ದೊಡ್ಡ ಆದಾಯಗಳಲ್ಲಿ ಒಂದಾಗಿ ಬೆಳೆಯಿತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಬಂದವು. ಹರಾಜು ಹಿಡಿದವನು ಗುತ್ತೇದಾರನಾದನು. ಕಲಬುರಗಿ ಕಡೆಯ ಈಳಿಗ ಮನೆತನಗಳಲ್ಲಿ ಆ ಮಾತು ಅಡ್ಡಹೆಸರಾಗಿಯೇ ಉಳಿದಿದೆ. ಮರ ಹತ್ತುವವನು ಕೂಲಿಯವನಾದನು. ತಾನೇ ಬೆಳೆದ ಮರದ ರಸವನ್ನು ಅನುಮತಿಯಿಲ್ಲದೆ ಮನೆಯಲ್ಲಿ ಇಳಿಸುವುದು ಅಪರಾಧವಾಯಿತು. ಅಂಗಡಿಯವನಿಗೆ ಹೆಚ್ಚು ಮಾರಾಟ ಬೇಕು. ಹೊಟ್ಟೆ ತುಂಬಿದವನು ಹೆಚ್ಚು ಕುಡಿಯುವುದಿಲ್ಲ. ಆದ್ದರಿಂದ ಅಂಗಡಿಯ ಮುಂದೆ ಉಳಿದದ್ದು ಹುರಿದ ಕಡಲೆ, ಉಪ್ಪಿನಕಾಯಿ, ಖಾರದ ಚುರುಮುರಿಗಳಂಥ ಬಾಯಾರಿಕೆ ಹೆಚ್ಚಿಸುವ ತಿನಿಸುಗಳು ಮಾತ್ರ. ಊಟ ಮನೆಯಲ್ಲಿಯೇ ಉಳಿಯಿತು, ಕಾಯುತ್ತ ಕುಳಿತವಳ ಮುಂದೆ.

1947–48ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಈ ಮರವೇ ರಣರಂಗವಾದುದನ್ನು ಆಹಾರ ಚರಿತ್ರೆಯ ದೃಷ್ಟಿಯಿಂದ ಯಾರೂ ಅಷ್ಟಾಗಿ ಗಮನಿಸಿಲ್ಲ. ನಿಜಾಮನ ಆದಾಯಕ್ಕೆ ಪೆಟ್ಟು ಕೊಡಲು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಕಾರ್ಯಕ್ರಮದಲ್ಲಿ ಸೇಂದಿ ಮರ ಕಡಿಯುವುದೂ ಸೇರಿತ್ತು. ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳತನದಲ್ಲಿ ಗಡಿಯಾಚೆಯ ಮುಂಡರಗಿಯ ಶಿಬಿರವು ಈ ಭಾಗದ ಹೋರಾಟವನ್ನು ನಡೆಸಿತು. ಅರಸೊತ್ತಿಗೆಯ ಬೊಕ್ಕಸಕ್ಕೆ ಹಾಕಿದ ಕೊಡಲಿ ಎಂಬುದು ನಿಜವಾದರೂ, ಕೊಡಲಿ ಬಿದ್ದ ಮರದ ಗರಿಯಿಂದ ಚಾಪೆ, ಬುಟ್ಟಿ, ಬಾರಿಗೆ ಮಾಡಿ ಬದುಕುತ್ತಿದ್ದ ಕೊರಮರ ಮನೆಯ ಒಲೆಯೂ ಅದೇ ಮರವನ್ನು ನೆಚ್ಚಿತ್ತು ಎಂಬುದನ್ನು ಸೇರಿಸಿ ಹೇಳಬೇಕು.

ಸ್ವಾತಂತ್ರ್ಯದ ನಂತರ ಈ ಸೀಮೆಯ ಭೌಗೋಳಿಕ ಸ್ಥಿತಿ ವಿಚಿತ್ರವಾಯಿತು. ತುಂಗಭದ್ರೆಯ ಆಚೆಯ ಹೊಸಪೇಟೆ, ಬಳ್ಳಾರಿಗಳಿಗೆ ಮದರಾಸಿನ ಪಾನನಿಷೇಧ; ಪಶ್ಚಿಮ ಮತ್ತು ಉತ್ತರಕ್ಕೆ ಗದಗ, ಮುಂಡರಗಿ, ಗಜೇಂದ್ರಗಡ, ವಿಜಾಪುರ ಪ್ರಾಂತಗಳಿಗೆ 1949ರ ಮುಂಬಯಿ ಪಾನನಿಷೇಧ ಕಾಯ್ದೆ. ನಡುವೆ ಹೈದರಾಬಾದಿನ ನಾಲ್ಕು ತಾಲ್ಲೂಕುಗಳು ಹಸಿಯಾಗಿಯೇ ಉಳಿದವು. ಗಡಿ ಹಳ್ಳಿಗಳ ಅಂಗಡಿಗೆ ಹೊರಗಿನ ಗಿರಾಕಿ ಇರುವ ಕಡೆ ಪಾನೀಯವು ಊರಿನ ಊಟದ ಭಾಗವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಮೈಲುಗಟ್ಟಲೆ ನಡೆದು ಬಂದವನು ರೊಟ್ಟಿಯ ಬುತ್ತಿ ಬಿಚ್ಚಲು ಬಂದವನಲ್ಲ. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ಹರಿದಾಗ ಗಂಗಾವತಿಯ ಜೋಳದ ನೆಲ ಭತ್ತದ ಗದ್ದೆಯಾಯಿತು. ಬದುಗಳು ಸಮತಟ್ಟಾದವು, ಆಂಧ್ರದ ವಲಸೆ ರೈತರ ಕ್ಯಾಂಪುಗಳು ಎದ್ದವು, ರೊಟ್ಟಿಯ ಪಕ್ಕದಲ್ಲಿ ಅನ್ನ ಬಂದಿತು. ಬದು ಹೋದ ಕಡೆ ಈಚಲಿಗೂ ನೆಲೆಯಿಲ್ಲ.

ಮರ ಕಡಿಮೆಯಾಗಿ ಬೇಡಿಕೆ ಉಳಿದಾಗ ಆಗಬೇಕಾದದ್ದೇ ಆಯಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಸೇಂದಿಯೆಂಬ ಹೆಸರಿನಲ್ಲಿ ನೀರು, ಸ್ಯಾಕರಿನ್, ನೊರೆ ಬರಿಸುವ ವಸ್ತು ಹಾಗೂ ನಿದ್ರೆ ಬರಿಸುವ ಕ್ಲೋರಲ್ ಹೈಡ್ರೇಟ್ ಸೇರಿದ ದ್ರವ ಮಾರಾಟವಾಯಿತು. ಜನರು ಅದನ್ನು 'ಸಿ.ಎಚ್. ಪುಡಿ' ಎಂದು ಕರೆದರು. ಇದಕ್ಕೆ ಬೆಳಿಗ್ಗೆ–ಸಂಜೆಗಳ ರುಚಿಭೇದವಿಲ್ಲ, ಋತುವಿಲ್ಲ, ಹೊಂದುವ ತಿನಿಸಿಲ್ಲ. 2004ರಲ್ಲಿ ರಾಜ್ಯ ಸರ್ಕಾರವು ಕರಾವಳಿಯ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ಉಳಿದೆಡೆ ಸೇಂದಿಯನ್ನು ನಿಷೇಧಿಸಿತು. ಕಲಬೆರಕೆಯ ಹಾವಳಿಯನ್ನು ನೆನೆದರೆ ಈ ಕ್ರಮವನ್ನು ಆಕ್ಷೇಪಿಸುವುದು ಕಷ್ಟ. ಆದರೆ ಶಿಕ್ಷೆ ಬಿದ್ದದ್ದು ಪುಡಿಗೆ ಮಾತ್ರವಲ್ಲ, ಮರಕ್ಕೂ. ಸೇಂದಿಯ ಜಾಗವನ್ನು ಪ್ಲಾಸ್ಟಿಕ್ ಪ್ಯಾಕೆಟಿನ ಸಾರಾಯಿ ಆಗಲೇ ಹಿಡಿದಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ನಂತರ ಬಡವನ ಕೈಗೆ ಬಂದದ್ದು 90 ಮಿಲಿಲೀಟರಿನ ಅಗ್ಗದ ವಿಸ್ಕಿ, ಬ್ರಾಂದಿಗಳು, ಮದ್ಯಾಂಶ ಶೇ. 42.8. ಸೇಂದಿಗಿಂತ ಎಂಟು ಹತ್ತು ಪಟ್ಟು ತೀಕ್ಷ್ಣವಾದ ಇದನ್ನು ಅಂಗಡಿಯ ಗೋಡೆಗೆ ಒರಗಿ ನಿಂತು ಎರಡೇ ಗುಟುಕಿಗೆ ಮುಗಿಸಲಾಗುತ್ತದೆ. ಚಕ್ಕಣವು ಉಪ್ಪಿನಕಾಯಿಯ ಒಂದು ಸಣ್ಣ ಪಾಕೀಟಿಗೆ ಇಳಿಯಿತು.

ಹೆಣ್ಣುಮಕ್ಕಳ ಪ್ರತಿಭಟನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾಯಚೂರು ಮೊದಲಾದ ಉತ್ತರ ಕರ್ನಾಟಕದ ಜಿಲ್ಲೆಗಳ ಮಹಿಳೆಯರು ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅವರ ಬೇಡಿಕೆಯನ್ನು ಕೇವಲ ನೈತಿಕ ಶುದ್ಧಿಯ ಮಾತೆಂದು ತಿಳಿದರೆ ಅದರ ಅರ್ಧವನ್ನು ಮಾತ್ರ ಕೇಳಿದಂತೆ. ಎಡೆಯಲ್ಲಿ ಹೆಂಡ ಇಟ್ಟ ಮನೆಗಳಿಂದಲೂ ಇಂಥ ಪ್ರತಿಭಟನೆ ಏಳುವುದು ವಿರೋಧಾಭಾಸವಲ್ಲ. ತಮ್ಮ ಅಡುಗೆಮನೆಯ ಅಳತೆಯಲ್ಲಿದ್ದ ವಸ್ತು ತಮ್ಮ ಕೂಲಿಯನ್ನೇ ನುಂಗುವ ವಸ್ತುವಾದುದಕ್ಕೆ ಕೊಟ್ಟ ಉತ್ತರವೂ ಅದರಲ್ಲಿದೆ. ಹಳೆಯ ಸೇಂದಿಯ ಕಾಲವನ್ನು ಸುವರ್ಣಯುಗವೆಂದು ಚಿತ್ರಿಸುವುದು ಸಲ್ಲದು. ಅಂದೂ ಕುಡಿದು ಹೊಡೆಯುವವರಿದ್ದರು, ಅಂದೂ ಸಾಲವಿತ್ತು. ಆದರೆ ಅಂದಿನ ಜಗಳ ನಡೆಯುತ್ತಿದ್ದುದು ಮನೆಯ ಹೊಸ್ತಿಲಿನೊಳಗೆ, ಅದಕ್ಕೆ ಹಿರಿಯರ ನ್ಯಾಯವಿತ್ತು. ಇಂದಿನ ಎದುರಾಳಿ ಪರವಾನಿಗೆ ಪಡೆದ ಮಳಿಗೆ.

ಸಾರಾಯಿ ನಿಂತ 2007ರಲ್ಲಿಯೇ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಹೊರಡಿಸಿ, ಅದಕ್ಕೊಂದು ಮಂಡಳಿಯನ್ನೂ ರಚಿಸಿತು. ಕೃಷ್ಣಾ ಕಣಿವೆ, ನಂದಿ ಕಣಿವೆಗಳ ಬೆಳೆಗಾರರಿಗೆ ಉತ್ತೇಜನ, ದ್ರಾಕ್ಷಾರಸಕ್ಕೆ ಪ್ರತ್ಯೇಕ ಮಳಿಗೆ, ಉತ್ಸವಗಳು ಬಂದವು. ಕೊಪ್ಪಳ ಜಿಲ್ಲೆಯಲ್ಲಿಯೇ ಕ್ರಿಸ್ಮಾ ಎಸ್ಟೇಟ್ಸ್ 'ಹಂಪಿ ಹಿಲ್ಸ್' ಎಂಬ ಗುರುತಿನಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಮೊದಲಾದ ತಳಿಗಳನ್ನು ಬೆಳೆದು ಬೆಲೆಬಾಳುವ ವೈನ್ ತಯಾರಿಸುತ್ತದೆ. ಅದು ಇಲ್ಲಿಯ ಕೂಲಿಯವನ ಪಾನೀಯವಲ್ಲ. ಅಂದಹಾಗೆ ಈ ಭಾಗದ ಪಟ್ಟಣಗಳಲ್ಲಿ 'ವೈನ್ ಶಾಪ್' ಎಂಬ ಫಲಕದ ಕೆಳಗೆ ಬ್ರಾಂದಿ, ವಿಸ್ಕಿ, ಬಿಯರುಗಳಿರುತ್ತವೆ. ವೈನನ್ನು ಕೇಳಿದರೆ ಹುಡುಕಿ ತೆಗೆಯಬೇಕಾಗುತ್ತದೆ. ಅಲ್ಲಿ ಸಿಗುವ ಅಗ್ಗದ ಬಾಟಲಿ ಸಾಮಾನ್ಯವಾಗಿ ಸಿಹಿಯಾದ, ಕೆಂಪಾದ ಪೋರ್ಟ್ ವೈನ್. ಬೆಂಗಳೂರು ನೀಲಿ ದ್ರಾಕ್ಷಿ ಅಂಥ ಪಾನೀಯದ ಒಂದು ಮುಖ್ಯ ಕಚ್ಚಾವಸ್ತು.

ಯಾವ ವೈನಿಗೆ ಯಾವ ಖಾದ್ಯ ಎಂಬ ಚರ್ಚೆ ಈಗ ನಗರದ ಮಧ್ಯಮವರ್ಗದ ಮನೆಗಳಲ್ಲಿ ಹೊಸ ವಿದ್ಯೆಯಂತೆ ನಡೆಯುತ್ತಿದೆ. ಆ ವಿದ್ಯೆಯ ಪಾಠಗಳು ಬಹುಮಟ್ಟಿಗೆ ಯುರೋಪಿನ ಊಟವನ್ನು ಎದುರಿಗಿಟ್ಟುಕೊಂಡವು: ಕೆಂಪು ವೈನಿಗೆ ಕೆಂಪು ಮಾಂಸ, ಬಿಳಿಯದಕ್ಕೆ ಮೀನು. ಕೊಪ್ಪಳದ ತಾಟಿನ ಮುಂದೆ ಈ ಸೂತ್ರ ನಿಲ್ಲುವುದಿಲ್ಲ. ಇಲ್ಲಿ ಮಾಂಸಕ್ಕಿಂತ ಖಾರ ಮುಖ್ಯ. ಒಗರು ಹೆಚ್ಚಿರುವ, ಮದ್ಯಾಂಶ ಶೇ. 13–14ರ ಕೆಂಪು ವೈನು ಕೆಂಪು ಖಾರದೊಡನೆ ಸೇರಿದರೆ ಉರಿ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ. ಸ್ವಲ್ಪ ಸಿಹಿಯುಳಿದ, ಹುಳಿಯುಳ್ಳ, ತಣ್ಣಗಿನ ಶೆನಿನ್ ಬ್ಲಾಂಕ್ ತರಹದ ಬಿಳಿ ವೈನು ಮಿರ್ಚಿ ಭಜಿಗೂ ಹುಳಿಯಾದ ಪುಂಡಿಪಲ್ಯಕ್ಕೂ ಹೊಂದುತ್ತದೆ. ಕಾರಣ ಸರಳ: ಸಿಹಿ, ಹುಳಿ, ತಂಪುಗಳ ವಿಷಯದಲ್ಲಿ ಅದು ಬಿಸಿಲೇರುವ ಮುಂಚಿನ ಸೇಂದಿಗೆ ಹತ್ತಿರ. ಅಗ್ಗದ ಪೋರ್ಟ್ ವೈನಿನ ಸಿಹಿಯಾದರೋ ಶೇಂಗಾ ಹಿಂಡಿಯ ಉಪ್ಪು–ಬೆಳ್ಳುಳ್ಳಿಗಳ ಪಕ್ಕದಲ್ಲಿ ಸಹ್ಯವಾಗುತ್ತದೆ, ಸಾರಿನ ಪಕ್ಕದಲ್ಲಿ ಆಗುವುದಿಲ್ಲ. ಇದನ್ನು ಹೇಳಲು ಯುರೋಪಿನ ಪಠ್ಯ ಬೇಕಾಗಿಲ್ಲ. ಈಳಿಗರ ಮರದ ಬುಡದಲ್ಲಿ ತಾಸುಗಳನ್ನು ಎಣಿಸಿದವರ ತಿಳಿವಳಿಕೆ ಸಾಕಿತ್ತು. ಆದರೆ ಆ ತಿಳಿವಳಿಕೆ ಇದ್ದವರ ಮನೆಗೆ ಈ ಬಾಟಲಿ ಬರುವುದಿಲ್ಲ, ಬಾಟಲಿ ಬರುವ ಮನೆಯಲ್ಲಿ ಆ ತಿಳಿವಳಿಕೆ ಇರಲಿಲ್ಲ.

ಇಂದು ಹಿರಿಯರ ಹಬ್ಬದ ಎಡೆಯಲ್ಲಿ ಸೇಂದಿಯ ಜಾಗಕ್ಕೆ ಅಂಗಡಿಯಿಂದ ತಂದ 90 ಮಿಲಿಲೀಟರಿನ ಪ್ಯಾಕೆಟ್ಟು ಬಂದಿದೆ. ಪಕ್ಕದಲ್ಲಿ ಜೋಳದ ರೊಟ್ಟಿ, ಮಾಂಸದ ಸಾರು, ಉಸುಳಿಗಳು ಮೊದಲಿನಂತೆಯೇ ಇವೆ. ಅಡುಗೆ ಮಾಡಿದವರು ಬೆಳಿಗ್ಗೆಯಿಂದ ಉಪವಾಸವಿದ್ದು ಬಡಿಸುತ್ತಾರೆ, ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ ಲೋಟಕ್ಕೆ ಸುರಿದು ದೀಪದ ಮುಂದೆ ಇಡುತ್ತಾರೆ.